ಗುಳ್ಳೆಯಲ್ಲಿ ಅಡಗಿದ ಅನಿಲ: ಲಾವಾ ಕಲ್ಲಿನೊಂದಿಗೆ ನನ್ನ ಅನುಭವ

ಬೆಂಗಳೂರಲ್ಲಿ ಕೂತು ಜ್ವಾಲಾಮುಖಿಯ ಅನಿಲ ಅಳೆಯುತ್ತೇನೆ ಅಂದರೆ ಜನ ಅಚ್ಚರಿಪಡುತ್ತಾರೆ. ದೇಶದಲ್ಲಿ ಈಗ ಸಕ್ರಿಯವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ, ಲಾಲ್‌ಬಾಗಿನ ಬಂಡೆಯೋ ಸುಮಾರು 300 ಕೋಟಿ ವರ್ಷ ಹಳೆಯದು. ಆದರೆ ನನ್ನ ಕೆಲಸಕ್ಕೆ ಹೊಗೆ ಬೇಕಿಲ್ಲ, ಕಲ್ಲು ಸಾಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಹರಿದ ಲಾವಾದ ಕಲ್ಲು ಅದು. ವಿಜಯಪುರದ ಕಡೆ ಕಾಣುವ ಕಪ್ಪು ಕಲ್ಲೂ ಅದೇ ಲಾವಾದ್ದು. ನಾನು ಆರಿಸಿಕೊಂಡಿದ್ದು ಸೌರಾಷ್ಟ್ರದ ಪಿಕ್ರೈಟ್ ಅನ್ನುವ ಲಾವಾ ಕಲ್ಲು, ಏಕೆಂದರೆ ಅದರಲ್ಲಿ ಆಲಿವಿನ್ ಅನ್ನುವ ಹಸಿರು ಖನಿಜದ ಹರಳು ಜಾಸ್ತಿ.

ನೆಲದ ಕೆಳಗೆ ಎಲ್ಲೆಲ್ಲೂ ಕರಗಿದ ಕಲ್ಲು ತುಂಬಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಬಿಸಿಯಾದ ಆ ಕಲ್ಲು ಮೇಲೇರಿದಾಗ ಒತ್ತಡ ಇಳಿಯುತ್ತದೆ, ಆಗ ಅದರ ಒಂದು ಪಾಲು ಕರಗಿ ಮ್ಯಾಗ್ಮಾ ಆಗುತ್ತದೆ. ನೀರು, ಕಾರ್ಬನ್ ಡೈಆಕ್ಸೈಡ್ ಇದ್ದರೆ ಇನ್ನೂ ಆಳದಲ್ಲೇ ಕರಗಲು ಶುರುವಾಗುತ್ತದೆ. ಮ್ಯಾಗ್ಮಾ ಮೇಲೆ ಬರುತ್ತಾ ಮೊದಲು ಕಳೆದುಕೊಳ್ಳುವುದು ಕಾರ್ಬನ್ ಡೈಆಕ್ಸೈಡನ್ನೇ. ಹೊರಗೆ ಹರಿದ ಲಾವಾದಲ್ಲಿ ಅದನ್ನು ಹುಡುಕಿದರೆ ಹೆಚ್ಚೇನೂ ಸಿಗದು. ಆದರೆ ಆಳದಲ್ಲಿ ಆಲಿವಿನ್ ಹರಳು ಬೆಳೆಯುವಾಗ ಮ್ಯಾಗ್ಮಾದ ಸಣ್ಣ ಹನಿಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ನಾನು ಹುಡುಕುವುದು ಆ ಹನಿಗಳನ್ನು.

ಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆಲಿವಿನ್ ಆರಿಸುತ್ತೇನೆ. ಕಣ್ಣು ಸೋಲುತ್ತದೆ, ಆದರೂ ಈ ಕೆಲಸ ನನಗೆ ಇಷ್ಟ. ಈಗ ಗಾಜಾಗಿರುವ ಆ ಹನಿ ಬರೀ ಕೆಲವು ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲ. ಅದರೊಳಗೆ ಒಂದು ದುಂಡಗಿನ ಗುಳ್ಳೆ. ಹನಿ ತಣಿದಾಗ ಹರಳಿಗಿಂತ ಜಾಸ್ತಿ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಗುಳ್ಳೆಗೆ ಹೋಗಿ ಸೇರುತ್ತದೆ. ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರುತ್ತದೆ. ಗುಳ್ಳೆ ಬಿಟ್ಟು ಗಾಜನ್ನು ಮಾತ್ರ ಅಳೆದರೆ ಅನಿಲವೂ ಕಡಿಮೆ ಬರುತ್ತದೆ, ಆ ಲೆಕ್ಕದಿಂದ ತೆಗೆದ, ಹನಿ ಸಿಕ್ಕಿಕೊಂಡ ಆಳವೂ ಕಡಿಮೆ ಬರುತ್ತದೆ. ಅದಕ್ಕೇ ನಾನು ಗುಳ್ಳೆಗೆ ಇಷ್ಟು ಸಮಯ ಕೊಡುವುದು.

ಅಳೆಯುವ ಮೊದಲು ಹರಳನ್ನು ಉಜ್ಜುವುದರಲ್ಲಿ ಎಚ್ಚರ ಬೇಕು. ಹನಿ ಮೇಲ್ಮೈಗೆ ಹತ್ತಿರ ಬರಬೇಕು, ಗುಳ್ಳೆ ಮಾತ್ರ ಒಡೆಯಬಾರದು. ಒಡೆದರೆ ಅನಿಲ ಹೋಯಿತು. ಉಜ್ಜುವ ಮೊದಲೇ ಫೋಟೊ ತೆಗೆದು ಹನಿಯ ಮತ್ತು ಗುಳ್ಳೆಯ ಅಗಲ ಬರೆದಿಡುತ್ತೇನೆ. ಆಮೇಲೆ ರಾಮನ್ ಯಂತ್ರ, ಅಂದರೆ ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತುವನ್ನು ಗುರುತಿಸುವ ಯಂತ್ರ. ಹಸಿರು ಲೇಸರ್ ಬಿದ್ದಾಗ ಕಾರ್ಬನ್ ಡೈಆಕ್ಸೈಡ್ 1285 ಮತ್ತು 1388 ತರಂಗಸಂಖ್ಯೆಯ ಹತ್ತಿರ ಎರಡು ಗೆರೆ ತೋರಿಸುತ್ತದೆ. ಅನಿಲ ದಟ್ಟವಾದಷ್ಟೂ ಅವುಗಳ ನಡುವಿನ ಅಂತರ ಸ್ವಲ್ಪವೇ ಹೆಚ್ಚುತ್ತದೆ. ಅಷ್ಟು ಸಣ್ಣ ಬದಲಾವಣೆ ಹಿಡಿಯಬೇಕು ಅಂದರೆ ಕೋಣೆಯ ಉಷ್ಣತೆ ಏರಿಳಿಯಬಾರದು. ಏಪ್ರಿಲ್ ಮಧ್ಯಾಹ್ನದಲ್ಲಿ ಎಸಿ ಇದ್ದರೂ ಯಂತ್ರ ಸ್ವಲ್ಪ ಸರಿಯುತ್ತದೆ, ಹಾಗಾಗಿ ಪ್ರತಿ ಸಲವೂ ನಿಯಾನ್ ದೀಪದ ಗೆರೆಗಳ ಜೊತೆ ತಾಳೆ ನೋಡುತ್ತೇನೆ. ಬೇರೆ ಲ್ಯಾಬಿನ ಸೂತ್ರವನ್ನು ಸುಮ್ನೆ ತಂದು ಹಾಕಿದರೆ ಆಗದು, ಒಂದೊಂದು ಯಂತ್ರದ ಲೆಕ್ಕವೂ ಬೇರೆ.

ಇಷ್ಟೆಲ್ಲ ಏಕೆ ಅಂದರೆ, ದಖ್ಖನ್ ಲಾವಾ ಹರಿದ ಕಾಲದಲ್ಲೇ ಡೈನೊಸಾರ್‌ಗಳು ಅಳಿದವು. ಕ್ಷುದ್ರಗ್ರಹದ ಜೊತೆಗೆ ಈ ಅನಿಲಗಳ ಪಾಲೆಷ್ಟು ಅನ್ನುವ ಚರ್ಚೆ ಇನ್ನೂ ನಡೆದಿದೆ. 1991ರಲ್ಲಿ ಫಿಲಿಪೈನ್ಸ್‌ನ ಪಿನಟುಬೊ ಜ್ವಾಲಾಮುಖಿ ಕಾರಿದ ಗಂಧಕದ ಡೈಆಕ್ಸೈಡ್ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪಾಗಿಸಿತು, ಕೆಲವೇ ವರ್ಷಗಳಲ್ಲಿ ಆ ಪರಿಣಾಮ ತೊಲಗಿತು. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಗಾಳಿಯಲ್ಲಿ ತುಂಬಾ ಕಾಲ ಉಳಿಯುತ್ತದೆ. ಅದಕ್ಕೇ ಅದರ ಲೆಕ್ಕ ಸರಿಯಿರಬೇಕು, ಅಲ್ವಾ?

ಈಗ ನನ್ನ ಗಮನ ಗುಳ್ಳೆಯ ಗೋಡೆಗೆ ಅಂಟಿದ ಕಾರ್ಬೊನೇಟ್ ಹರಳುಗಳ ಮೇಲಿದೆ. ರಾಮನ್‌ನಲ್ಲಿ 1090ರ ಹತ್ತಿರ ಗೆರೆ ಕಂಡರೆ, ಒಂದಷ್ಟು ಇಂಗಾಲ ಅನಿಲವಾಗಿ ಉಳಿಯದೆ ಹರಳಾಗಿದೆ ಅಂತ ಅರ್ಥ. ಅಂಥ ಹನಿಯನ್ನು ಮತ್ತೆ ಬಿಸಿ ಮಾಡಿ, ಬೇಗ ತಣಿಸಿ, ಇನ್ನೊಮ್ಮೆ ಅಳೆಯುತ್ತಿದ್ದೇನೆ.