ದಾವಣಗೆರೆಗೆ ಹೊಸದಾಗಿ ಬಂದವರಿಗೆ: ಪಿಂಚಣಿ, ಕಾರ್ಡು, ಸಹಾಯವಾಣಿಗೆ ಫೋನಿನಲ್ಲಿ ಎಲ್ಲಿ ನೋಡಬೇಕು, ಯಾವುದನ್ನು ನಂಬಬೇಕು

ರಾಯಚೂರು, ಕೊಪ್ಪಳ, ಮೊಳಕಾಲ್ಮೂರು, ಜಗಳೂರು, ಸೊಲ್ಲಾಪುರ... ಎಲ್ಲಿಂದ ಬಂದಿದ್ದರೂ ಸರಿ, ನಮ್ಮ ಕನ್ನಡ ಸಂಘದ ಕಡೆಯಿಂದ ನಿಮಗೆಲ್ಲ ಸ್ವಾಗತ. ಬಾಡಿಗೆ ಮನೆ, ಗ್ಯಾಸ್, ಶಾಲೆ ಸೀಟು, ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನ ಅನ್ನೋದನ್ನೆಲ್ಲ ಪಕ್ಕದ ಮನೆಯವರೇ ಹೇಳುತ್ತಾರೆ. ದಾವಣಗೆರೆ ಜನ ಅಷ್ಟರ ಮಟ್ಟಿಗೆ ಒಳ್ಳೆಯವರು. ಅವರಿಗೂ ಸರಿಯಾಗಿ ಗೊತ್ತಿರದ ವಿಷಯಗಳನ್ನು ಇಲ್ಲಿ ಬರೆದಿದ್ದೇವೆ: ಅಜ್ಜಿಯ ಪಿಂಚಣಿ, ವಿಕಲಚೇತನ ಮಗುವಿನ ಕಾರ್ಡು, ಗಂಡನ ಕುಡಿತ, ಮನೆಯೊಳಗಿನ ಹೊಡೆತ, ಮಾತು ಬಾರದ ಮಗು.

ಊರಲ್ಲಿದ್ದಾಗ ಇದಕ್ಕೆಲ್ಲ ಮನುಷ್ಯರಿದ್ದರು. ಪಂಚಾಯಿತಿ ಮೆಂಬರು, ಆಶಾ ಅಕ್ಕ, ಗ್ರಾಮ ಲೆಕ್ಕಿಗರು, ವಿಕಲಚೇತನರಿಗೆ ವಿ.ಆರ್.ಡಬ್ಲ್ಯೂ. (ಗ್ರಾಮ ಪುನರ್ವಸತಿ ಕಾರ್ಯಕರ್ತರು). ನಿಟುವಳ್ಳಿಯಲ್ಲೋ ಬೇತೂರು ರಸ್ತೆಯಲ್ಲೋ ಮನೆ ಮಾಡಿದ ಮೇಲೆ ಅವರಾರೂ ಹತ್ತಿರ ಇಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಫೋನ್ ತೆಗೆದು ಹುಡುಕುವುದು.

ಮೊದಲು ಕೇಳಬೇಕಾದ ಪ್ರಶ್ನೆ

ಈ ಅರ್ಜಿಯನ್ನು ತೀರ್ಮಾನ ಮಾಡುವವರು ಯಾರು? ದುಡ್ಡು ಯಾವ ಇಲಾಖೆಯಿಂದ ಬರುತ್ತದೆ? ಅದು ಗೊತ್ತಾದರೆ ಮಾಹಿತಿಯನ್ನೂ ಅವರ ಜಾಗದಲ್ಲೇ, ಅಂದರೆ ಅವರ ವೆಬ್‌ಸೈಟಿನಲ್ಲೇ, ನೋಡಿ. ಯೂಟ್ಯೂಬಿನಲ್ಲಿ ಚೆನ್ನಾಗಿ ಮಾತಾಡುವವರು ಜಾಸ್ತಿ ಇದ್ದಾರೆ, ಆದರೆ ನಿಮ್ಮ ಅರ್ಜಿ ಅವರ ಟೇಬಲ್ ಮೇಲೆ ಬರುವುದಿಲ್ಲ, ಅಲ್ವಾ?

ಸರ್ಕಾರದ ಜಾಗ ಹೌದೋ ಅಲ್ಲವೋ ತಿಳಿಯಲು ವಿಳಾಸದ ಸಾಲನ್ನು ಬೆರಳಿಟ್ಟು ಓದಿ. ಹೆಸರಿನ ನಂತರ ಮೊದಲ ಓರೆಗೆರೆ ಬರುವ ಮುಂಚೆ ಕೊನೆಯಲ್ಲಿ ಏನಿದೆ ಅನ್ನೋದು ಮುಖ್ಯ. ‘ಡಾಟ್ ಗವ್ ಡಾಟ್ ಇನ್’ (.gov.in) ಅಥವಾ ‘ಡಾಟ್ ನಿಕ್ ಡಾಟ್ ಇನ್’ (.nic.in) ಎಂದು ಮುಗಿಯಬೇಕು. ‘ಗವ್’ ಅನ್ನೋದನ್ನು ನಡುವೆ ಎಲ್ಲೋ ತುರುಕಿ ಕೊನೆಗೆ ‘ಡಾಟ್ ಕಾಮ್’ ಇಟ್ಟಿದ್ದರೆ ಅಲ್ಲಿ ಆಧಾರ್ ನಂಬರ್ ಹಾಕಬೇಡಿ. ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಎಂದು ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದನ್ನು ದಾಟಿ ಕೆಳಗೆ ಬನ್ನಿ.

ಇನ್ನೊಂದು, ತಾರೀಖು. ಬಜೆಟ್‌ನಲ್ಲಿ ಘೋಷಣೆ ಆದ ದಿನವೇ ‘ಇಂದೇ ಅರ್ಜಿ ಹಾಕಿ’ ಅಂತ ವಾಟ್ಸಾಪ್ ತುಂಬಿಹೋಗುತ್ತದೆ. ಘೋಷಣೆ ಬೇರೆ, ಆದೇಶ ಬೇರೆ. ಆದೇಶಕ್ಕೆ ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಇಲಾಖೆಯ ಹೆಸರು ಇರುತ್ತದೆ. ಅದಿಲ್ಲದ ಸಂದೇಶವನ್ನು ದಯವಿಟ್ಟು ಸಂಘದ ಗುಂಪಿಗೆ ಕಳಿಸಬೇಡಿ. ಎಷ್ಟು ಸಲ ಹೇಳಿದರೂ ಕೆಲವರು ಕಳಿಸುತ್ತಲೇ ಇದ್ದಾರೆ. ಅದನ್ನು ನಂಬಿ ವಯಸ್ಸಾದವರು ಬಿಸಿಲಲ್ಲಿ ಕ್ಯೂ ನಿಲ್ಲುತ್ತಾರೆ, ನೆನಪಿರಲಿ.

ಪಿಂಚಣಿ ನಿಂತಿತು ಅನ್ನಿಸಿದಾಗ

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಮನೆಯಲ್ಲೇ ಅನುಭವಿಸಿದ್ದು.

ನಮ್ಮ ಅತ್ತೆಗೆ ಸಂಧ್ಯಾ ಸುರಕ್ಷಾ ಬರುತ್ತಿತ್ತು. 65 ದಾಟಿದ ಬಡವರಿಗೆ ಕೊಡುವ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ನಾವು ಇಲ್ಲಿಗೆ ಬಂದ ಮೇಲೆ ಊರಿನ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದು ಕಾಣಿಸುವುದು ನಿಂತುಹೋಯಿತು. ಅತ್ತೆ ಮಾತೇ ಬಿಟ್ಟರು. ಆ ದುಡ್ಡು ಅವರ ಎಲೆ ಅಡಿಕೆ, ಅವರ ಮಾತ್ರೆ, ಮೊಮ್ಮಕ್ಕಳ ಕೈಗೆ ಇಡುವ ಹತ್ತು ರೂಪಾಯಿ. ಒಂದು ವಿಡಿಯೋದಲ್ಲಿ ‘ಊರು ಬಿಟ್ಟವರ ಪಿಂಚಣಿ ರದ್ದು, ಹೊಸ ಅರ್ಜಿ ಹಾಕಿ’ ಎಂದರು. ಒಬ್ಬ ಮಧ್ಯವರ್ತಿ ಬಂದು ಮೂರು ಸಾವಿರ ಕೇಳಿದ. ಕೊನೆಗೆ ಸಂಘದ ಹುಡುಗನೊಬ್ಬ ಅತ್ತೆಯ ಫೋನಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ (ಸರ್ಕಾರ ನೇರವಾಗಿ ಖಾತೆಗೆ ಹಾಕುವ ದುಡ್ಡನ್ನು ತೋರಿಸುವುದು) ಹಾಕಿ, ಆಧಾರ್ ನಂಬರ್ ಕೊಟ್ಟು, ಓಟಿಪಿ ಹಾಕಿ ತೋರಿಸಿದ. ಪರದೆಯ ಮೇಲೆ ಒಂದೊಂದೇ ಸಾಲು: ಯೋಜನೆಯ ಹೆಸರು, ಮೊತ್ತ, ತಾರೀಖು, ಬ್ಯಾಂಕಿನ ಹೆಸರು. ಒಂದು ತಿಂಗಳೂ ತಪ್ಪಿರಲಿಲ್ಲ. ಇಲ್ಲಿ ಅತ್ತೆಯ ಹೆಸರಲ್ಲಿ ತೆರೆದಿದ್ದ ಹೊಸ ಖಾತೆಗೆ ಹೋಗಿ ಕೂತಿತ್ತು!

ಕಾರಣ ಇಷ್ಟೇ. ಪಿಂಚಣಿ, ಗೃಹಲಕ್ಷ್ಮಿಯಂಥ ದುಡ್ಡು ಈಗ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಒಬ್ಬರ ಆಧಾರ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಜೋಡಣೆ ಆಗಿರುತ್ತದೆ. ಹೊಸ ಖಾತೆ ತೆರೆಯುವಾಗ ‘ಸಬ್ಸಿಡಿ ಈ ಖಾತೆಗೆ ಬರಲಿ’ ಎಂಬ ಕಡೆ ಸಹಿ ಹಾಕಿದರೆ ಹಳೆಯದು ಬಿಟ್ಟು ಹೊಸದಕ್ಕೆ ಜೋಡಣೆ ಆಗುತ್ತದೆ. ಬ್ಯಾಂಕಿನಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಯಾವ ಬ್ಯಾಂಕಿಗೆ ಜೋಡಣೆ ಇದೆ ಎಂದು ‘ಮೈ ಆಧಾರ್’ ಜಾಗದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ ನೋಡಬಹುದು. ದುಡ್ಡು ಕೊಡಬೇಕಿಲ್ಲ.

ಹಾಗಾಗಿ ಪಿಂಚಣಿ ಕಾಣದಿದ್ದರೆ ಮೊದಲು ಡಿಬಿಟಿ ಆ್ಯಪ್, ಆಮೇಲೆ ಆಧಾರ್ ಜೋಡಣೆ. ಜೋಡಣೆ ಸರಿ ಇದ್ದೂ ದುಡ್ಡೇ ಬಿಡುಗಡೆ ಆಗಿಲ್ಲ ಎಂದು ಆ್ಯಪ್‌ನಲ್ಲಿ ಕಂಡರೆ ಮಾತ್ರ ನಾಡಕಚೇರಿಗೆ ಅಥವಾ ತಾಲ್ಲೂಕು ಕಚೇರಿಗೆ ಹೋಗಿ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಚಾಲ್ತಿಯಲ್ಲಿರಲಿ. ಸಿಮ್ ಬದಲಾಯಿಸಿ ಹಳೆಯದನ್ನು ಬಿಸಾಕಿದವರಿಗೆ ಓಟಿಪಿ ಬರುವುದಿಲ್ಲ, ಅಲ್ಲಿಗೆ ಎಲ್ಲ ಕೆಲಸ ನಿಂತ ಹಾಗೆ. ಆ್ಯಪನ್ನು ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ‘ಎಪಿಕೆ’ ಫೈಲನ್ನು ಮುಟ್ಟಲೇಬೇಡಿ.

ರೇಷನ್, ಗ್ಯಾರಂಟಿ

ಊರಿನ ರೇಷನ್ ಕಾರ್ಡಿಗೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಬೆರಳಚ್ಚು ಕೊಟ್ಟರೆ ಸಾಕು. ಗೃಹಲಕ್ಷ್ಮಿಗೆ ಊರು ಬದಲಾಯಿತೆಂದು ಮತ್ತೆ ಅರ್ಜಿ ಬೇಡ. ಹೊಸ ಅರ್ಜಿಗಳಿಗೆ ಸೇವಾ ಸಿಂಧು ಎಂಬ ಸರ್ಕಾರದ ಜಾಗ, ಇಲ್ಲವೇ ಹತ್ತಿರದ ಕರ್ನಾಟಕ ಒನ್ ಕೇಂದ್ರ. ಊರಲ್ಲಿದ್ದ ಗ್ರಾಮ ಒನ್‌ನ ಕೆಲಸವನ್ನು ಇಲ್ಲಿ ಅದೇ ಮಾಡುತ್ತದೆ. ‘ಮಾಹಿತಿ ಕಣಜ’ ಎಂಬ ಸರ್ಕಾರದ ಜಾಗವೂ ಇದೆ, ಪೂರ್ತಿ ಕನ್ನಡದಲ್ಲಿ. ಇಲಾಖೆಗಳು ಕೇಳದೆಯೇ ಜನರಿಗೆ ಕೊಡಬೇಕಾದ ಮಾಹಿತಿ ಅಲ್ಲಿರುತ್ತದೆ. ಇಷ್ಟು ಒಳ್ಳೆಯದನ್ನು ನಮ್ಮವರು ನೋಡುವುದೇ ಇಲ್ಲ.

ವಿಕಲಚೇತನರ ಕಾರ್ಡು, ಮಾತು ಬಾರದ ಮಗು

ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ‘ಸ್ವಾವಲಂಬನ್ ಕಾರ್ಡ್’ ಎಂಬ ಕೇಂದ್ರ ಸರ್ಕಾರದ ಜಾಗದಲ್ಲಿ ಅರ್ಜಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಕಣ್ಣು, ಕಿವಿ, ಕೈಕಾಲು ಮಾತ್ರ ಅಂದುಕೊಂಡು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಆಟಿಸಂ, ಕಲಿಕೆಯ ತೊಂದರೆ, ಥಲಸ್ಸೇಮಿಯಾ, ಹಿಮೋಫಿಲಿಯಾ, ಮಾನಸಿಕ ಕಾಯಿಲೆ, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲ ಅದರಲ್ಲಿದ್ದಾರೆ. ಹೆಚ್ಚಿನ ಸವಲತ್ತಿಗೆ ನ್ಯೂನತೆ ಶೇ. 40 ಅಥವಾ ಜಾಸ್ತಿ ಇರಬೇಕು. ಕಾರ್ಡಿನ ಬಣ್ಣವೂ ಅದರ ಮೇಲೆ: 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಅರ್ಜಿಯಲ್ಲಿ ವಿಳಾಸ ಕೇಳುತ್ತದೆ, ಆದ್ದರಿಂದ ಆಧಾರ್ ವಿಳಾಸವನ್ನು ಮೊದಲು ಇಲ್ಲಿಗೆ ಬದಲಾಯಿಸಿಕೊಂಡರೆ ಒಳ್ಳೆಯದು. ತಪಾಸಣೆಗಾಗಿ ಪುಟ್ಟ ಮಗುವನ್ನು ಎತ್ತಿಕೊಂಡು ಹಳೇ ಜಿಲ್ಲೆಗೆ ಬಸ್ಸಿನಲ್ಲಿ ಓಡಾಡುವ ಕಷ್ಟ ತಪ್ಪುತ್ತದೆ.

ನಮ್ಮ ಊರಿನ ಹೆಮ್ಮೆ ಒಂದನ್ನು ಹೇಳಲೇಬೇಕು. ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಎಲ್ಲರೂ ಸಿ.ಆರ್.ಸಿ. ಅನ್ನುವುದು, ದಾವಣಗೆರೆಯಲ್ಲೇ ಇದೆ. ಅದು ಪಕ್ಕದಲ್ಲೇ ಇರುವಾಗ ಫೇಸ್‌ಬುಕ್ಕಿನಲ್ಲಿ ‘ಮೂರು ತಿಂಗಳಲ್ಲಿ ಮಗು ಮಾತಾಡುತ್ತದೆ’ ಎಂದು ಮಾತ್ರೆ, ಎಣ್ಣೆ ಮಾರುವವರಿಗೆ ಸಾಲ ಮಾಡಿ ದುಡ್ಡು ಕಟ್ಟುವುದನ್ನು ನೋಡಿದರೆ ಸಂಕಟ ಆಗುತ್ತದೆ. ಮಗುವಿಗೆ ಮಾತಿನ ಥೆರಪಿ ಕೊಡುವ ಯಾರೇ ಆಗಲಿ, ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಇರಬೇಕು. ಆರ್‌ಸಿಐ ಎಂದು ಹುಡುಕಿದರೆ ಪರಿಷತ್ತಿನ ಜಾಗ ಸಿಗುತ್ತದೆ. ‘ಮೇಡಂ, ನಿಮ್ಮ ಆರ್‌ಸಿಐ ನಂಬರ್ ಹೇಳಿ’ ಎಂದು ಕೇಳುವುದು ಅಮರ್ಯಾದೆ ಏನಲ್ಲ. ನಿಜವಾದವರು ಖುಷಿಯಿಂದ ಹೇಳುತ್ತಾರೆ. ಮಾತು ಮತ್ತು ಕಿವಿಯ ಬಗ್ಗೆ ಓದಿ ತಿಳಿಯಲು ಮೈಸೂರಿನ ವಾಕ್ ಶ್ರವಣ ಸಂಸ್ಥೆ. 1965ರಿಂದ ಇರುವ ಸಂಸ್ಥೆ, ಅಲ್ಲಿನವರು ಹೇಳಿದ್ದನ್ನು ನಂಬಬಹುದು.

ಮನೆಯೊಳಗಿನ ಕಷ್ಟ

ಹೊಡೆತ, ಬೈಗುಳ, ವರದಕ್ಷಿಣೆ ಕಾಟ ಇದ್ದರೆ 181. ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಕೆಲವು ದಿನ ಉಳಿಯಲು ಜಾಗ ಒಂದೇ ಕಡೆ ಸಿಗುತ್ತದೆ. ಅಕ್ಕಂದಿರೇ, ಒಂದು ಮಾತು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಹುಡುಕಿದ್ದೂ ಕರೆ ಮಾಡಿದ್ದೂ ಅದರಲ್ಲೇ ಉಳಿಯುತ್ತದೆ. ಕ್ರೋಮ್‌ನಲ್ಲಿ ‘ಇನ್‌ಕಾಗ್ನಿಟೋ’ (ಹುಡುಕಿದ್ದು ಫೋನಿನಲ್ಲಿ ಉಳಿಯದ ಪುಟ) ತೆರೆದು ನೋಡಿ, ಕರೆಯ ಪಟ್ಟಿ ಅಳಿಸಿ. ಇಲ್ಲವೇ ನಂಬಿಕೆಯ ಗೆಳತಿಯ ಫೋನಿನಿಂದ ಮಾಡಿ. ನಮ್ಮ ಸಂಘದ ಹೆಣ್ಣುಮಕ್ಕಳು ಯಾವ ಹೊತ್ತಿಗೂ ಫೋನ್ ಕೊಡುತ್ತಾರೆ, ಯಾಕೆ ಏನು ಎಂದು ಕೇಳುವುದಿಲ್ಲ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100.

ಮಕ್ಕಳು ನೋಡಿಕೊಳ್ಳದ ತಂದೆ ತಾಯಿಗೆ 2007ರ ಕಾಯ್ದೆ ಇದೆ. ಅರ್ಜಿ ಉಪವಿಭಾಗಾಧಿಕಾರಿಗಳ ಮುಂದೆ. ಇದನ್ನು ಬರೆಯಬೇಕಾಗಿ ಬಂದದ್ದೇ ಬೇಜಾರು.

ಕುಡಿತ ಬಿಡಿಸುವ ಕೇಂದ್ರಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಆನ್‌ಲೈನಿನಲ್ಲಿ ಹಸಿರು ಲಾನಿನ ಫೋಟೋ ನೋಡಿ ಮನೆಯವರನ್ನು ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ, ವೈದ್ಯರು ಯಾರು, ಮನೆಯವರು ಬಂದು ನೋಡಬಹುದೇ ಎಂದು ಕೇಳಿ. ಬಂದು ನೋಡುವ ಹಾಗಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮಗುವನ್ನು ದತ್ತು ಪಡೆಯುವುದು ‘ಕಾರಾ’ ಎಂಬ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರದ ಮೂಲಕ. ಆಸ್ಪತ್ರೆಯಲ್ಲಿ ಯಾರೋ ‘ಒಂದು ಮಗು ಇದೆ’ ಎಂದರೆ ಅದು ಅಪರಾಧ, ಕರುಣೆ ಅಂದುಕೊಂಡು ಕೈ ಚಾಚಬೇಡಿ.

ನಂಬರುಗಳು (ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ)

112 – ಯಾವುದೇ ತುರ್ತು
108 – ಆ್ಯಂಬುಲೆನ್ಸ್
1098 – ಮಕ್ಕಳು
181 – ಮಹಿಳೆಯರು
14567 – ಹಿರಿಯರು
14416 – ಟೆಲಿ ಮಾನಸ್, ಮನಸ್ಸಿನ ತೊಂದರೆಗೆ, ದಿನವಿಡೀ, ಕನ್ನಡದಲ್ಲೂ
14446 – ಕುಡಿತ, ಮಾದಕ ವಸ್ತು
15100 – ಉಚಿತ ಕಾನೂನು ನೆರವು
1930 – ಫೋನಿನಲ್ಲಿ ದುಡ್ಡು ಹೋದರೆ, ಆ ಕ್ಷಣವೇ

ಸಂಘ ಸಂಸ್ಥೆಗಳು ನಿಜವೇ?

‘ಎನ್‌ಜಿಓ ದರ್ಪಣ್’ ಜಾಗದಲ್ಲಿ ಹೆಸರು ಹಾಕಿ ಹುಡುಕಿ. ನೋಂದಣಿ, ವಿಳಾಸ, ಪದಾಧಿಕಾರಿಗಳ ಹೆಸರು ಸಿಗುತ್ತದೆ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸವೂ ಚೆನ್ನಾಗಿದೆ ಎಂದೇನಿಲ್ಲ, ಹೋಗಿ ನೋಡಬೇಕು. ‘ಉಚಿತ ಹೊಲಿಗೆ ಯಂತ್ರ, ನೋಂದಣಿಗೆ 500 ರೂಪಾಯಿ’ ಎನ್ನುವವರು ಯಾವ ಸಂಸ್ಥೆಯ ಹೆಸರು ಹೇಳಿದರೂ ಬಾಗಿಲಿಂದಲೇ ಕಳಿಸಿ.

ಸಮಾಜಕಾರ್ಯ ಓದುವ ಮಕ್ಕಳಿಗೆ

ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಎಂಎಸ್‌ಡಬ್ಲ್ಯೂ ಸೇರಲು ಬಂದವರು ನಮ್ಮಲ್ಲಿ ಕೇಳುತ್ತಿರುತ್ತಾರೆ. ಪಾಠಕ್ಕೆ ಇಗ್ನೋದ ‘ಇ-ಜ್ಞಾನಕೋಶ’, ‘ಇ-ಪಿಜಿ ಪಾಠಶಾಲಾ’. ಪ್ರಬಂಧಗಳಿಗೆ ‘ಶೋಧಗಂಗಾ’. ಕೇಂದ್ರದ ಕಾಯ್ದೆಗಳಿಗೆ ‘ಇಂಡಿಯಾ ಕೋಡ್’, ರಾಜ್ಯದ ಕಾಯ್ದೆಗಳು ಕನ್ನಡದಲ್ಲಿ ಬೇಕಿದ್ದರೆ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಗ. ಎಲ್ಲ ಉಚಿತ. ಫೀಲ್ಡ್ ವರ್ಕಿಗೆ ಹೋದಾಗ ಕಂಡ ಮನೆಯವರ ಫೋಟೋ, ಹೆಸರನ್ನು ಸ್ಟೇಟಸ್ಸಿಗೆ ಹಾಕುವುದನ್ನು ಮಾತ್ರ ಬಿಡಿ. ಅವರು ನಿಮ್ಮನ್ನು ನಂಬಿ ಕಷ್ಟ ಹೇಳಿಕೊಂಡಿರುತ್ತಾರೆ.

ಅರ್ಜಿ ಹಾಕಿದ ಮೇಲೆ

ಫೋನಿನಲ್ಲಿ ನೋಡಿದ್ದನ್ನು ಹಾಗೇ ಬಿಡದೆ ಕಾಗದಕ್ಕೆ ಇಳಿಸಿ. ಬೇಕಾದ ದಾಖಲೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಅರ್ಜಿಯ ಒಂದು ಪ್ರಿಂಟ್ ಮನೆಯಲ್ಲಿರಲಿ. ಆಧಾರ್, ರೇಷನ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಫೋಟೋ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ಕೌಂಟರಿನಲ್ಲಿ ‘ಆಯ್ತು ಹೋಗಿ, ಬರುತ್ತೆ’ ಎಂದರೆ ಎದ್ದು ಬರಬೇಡಿ. ‘ಸರ್, ಸಕಾಲ ಸ್ವೀಕೃತಿ ಕೊಡಿ’ ಎಂದು ಮೆಲ್ಲಗೆ ಕೇಳಿ. ಸಕಾಲ ಕಾಯ್ದೆ 2011ರದ್ದು. ಅದರ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವು ಇದೆ. ಸ್ವೀಕೃತಿಯಲ್ಲಿ ಜಿಎಸ್‌ಸಿ ನಂಬರ್ ಇರುತ್ತದೆ, ಅದನ್ನು ಹಾಕಿದರೆ ಅರ್ಜಿ ಯಾರ ಬಳಿ ಇದೆ ಎಂದು ಫೋನಿನಲ್ಲೇ ನೋಡಬಹುದು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವನ್ನೂ ಕೇಳಬಹುದು. ಮೇಲ್ಮನವಿ ಬರೆಯಲು ಬಾರದಿದ್ದರೆ ಸ್ವೀಕೃತಿ ಹಿಡಿದು ಸಂಘಕ್ಕೆ ಬನ್ನಿ, ನಾವೇ ಕೂತು ಕನ್ನಡದಲ್ಲಿ ಬರೆದುಕೊಡುತ್ತೇವೆ.