ಕಟ್ಟದೇ ಬಿಟ್ಟ ಯುದ್ಧನೌಕೆಯನ್ನು ಮೇಜಿನ ಮೇಲೆ ಕಟ್ಟುವುದು ಹೇಗೆ?

ಎಂದೂ ನೀರಿಗಿಳಿಯದ ಯುದ್ಧನೌಕೆಯ ಮಾಡೆಲ್ ಮಾಡಲು ಹೊರಟವರಲ್ಲಿ ಜಾಸ್ತಿ ಜನ ಒಂದೇ ಕಡೆ ಎಡವುತ್ತಾರೆ. ಇಲ್ಲದ ಹಡಗು ತಾನೇ, ಕೇಳೋರು ಯಾರು ಅಂತ ಡಬ್ಬಿಯಲ್ಲಿ ಉಳಿದ ಫಿರಂಗಿಗಳನ್ನೆಲ್ಲ ಅಂಟಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ನಕ್ಷೆಯವರೆಗೆ ಬಂದು ನಿಂತುಹೋದ ಹಡಗನ್ನು ಆರಿಸಿಕೊಳ್ಳಿ. ಅಳತೆ ಇರುತ್ತದೆ, ಅಳತೆ ಇದ್ದರೆ ಕೈ ಹಿಡಿತದಲ್ಲಿರುತ್ತದೆ.

ಮೊದಲ ಸಲಕ್ಕೆ ಅಮೆರಿಕದ ಮೊಂಟಾನಾ ವರ್ಗವೇ ಸರಿ. ವರ್ಗ ಅಂದರೆ ಒಂದೇ ನಕ್ಷೆಯ ಹಡಗುಗಳ ಗುಂಪು. 1940ರಲ್ಲಿ ಇಂಥ ಐದು ಹಡಗುಗಳಿಗೆ ಒಪ್ಪಿಗೆ ಸಿಕ್ಕಿತ್ತು. ಎರಡನೇ ಮಹಾಯುದ್ಧ ನಡೆಯುತ್ತಿದ್ದಂತೆ ವಿಮಾನವಾಹಕ ಹಡಗುಗಳೇ ಮುಖ್ಯವಾದವು. 1943ರ ಜುಲೈನಲ್ಲಿ ಐದನ್ನೂ ರದ್ದು ಮಾಡಿದರು. ಒಂದಕ್ಕೂ ಕೆಲಸ ಶುರುವಾಗಿರಲಿಲ್ಲ. ಆದರೆ ಅದರ ಹಿಂದಿನ ಅಯೋವಾ ವರ್ಗದ ನಾಲ್ಕು ಹಡಗುಗಳು ತಯಾರಾದವು. ಅವುಗಳ ಕಿಟ್, ಅಂದರೆ ಜೋಡಿಸುವ ಪ್ಲಾಸ್ಟಿಕ್ ಬಿಡಿಭಾಗಗಳ ಡಬ್ಬಿ, ಸುಲಭವಾಗಿ ಸಿಗುತ್ತದೆ. ದೊಡ್ಡ ಫಿರಂಗಿಗಳೂ ಎರಡರಲ್ಲಿ ಒಂದೇ, ನಳಿಗೆಯ ಬಾಯಿ 16 ಇಂಚಿನವು. ಅಯೋವಾಗೆ ಮೂರು ಟರೆಟ್ (ಫಿರಂಗಿಗಳನ್ನು ಹೊತ್ತು ತಿರುಗುವ ಗೂಡು), ಮೊಂಟಾನಾಗೆ ನಾಲ್ಕು. ಹಾಗಾಗಿ 1/700 ಅಳತೆಯ, ಅಂದರೆ ನಿಜದ ಹಡಗಿನ 700ರಲ್ಲಿ ಒಂದು ಪಾಲಿನ, ಒಂದೇ ಕಂಪನಿಯ ಎರಡು ಅಯೋವಾ ಕಿಟ್ ಕೊಳ್ಳಿ. ಮೊಂಟಾನಾದ ಸಿದ್ಧ ಕಿಟ್ ಕೂಡ ಬಂದಿದೆ, ಆದರೆ ಅದನ್ನು ತಂದರೆ ಈ ಲೇಖನ ಓದುವ ಕೆಲಸವೇ ಇಲ್ಲ.

ಈಗ ಲೆಕ್ಕ. ಅಯೋವಾ 270.4 ಮೀಟರ್ ಉದ್ದ, 33 ಮೀಟರ್ ಅಗಲ. ಪನಾಮಾ ಕಾಲುವೆಯಲ್ಲಿ ತೂರಬೇಕಿತ್ತು, ಅದಕ್ಕೇ ಅಷ್ಟು ಸಪೂರ. ಮೊಂಟಾನಾಗೆ ಆ ಕಟ್ಟು ಇರಲಿಲ್ಲ. 280.8 ಮೀಟರ್ ಉದ್ದ, 36.9 ಮೀಟರ್ ಅಗಲ. ಎರಡರ ವ್ಯತ್ಯಾಸವನ್ನು 700ರಿಂದ ಭಾಗಿಸಿದರೆ ಉದ್ದಕ್ಕೆ 15 ಮಿ.ಮೀ., ಅಗಲಕ್ಕೆ 5.6 ಮಿ.ಮೀ. ಸೇರಿಸಬೇಕು.

ಎಲ್ಲರೂ ಕೈ ಸುಟ್ಟುಕೊಳ್ಳುವುದು ಇಲ್ಲೇ. ಉದ್ದ ಮೊದಲು, ಅಗಲ ಆಮೇಲೆ. ಹಡಗಿನ ಒಡಲು ಅತಿ ಅಗಲ ಇರುವ ನಡುಭಾಗದಲ್ಲಿ, ಎರಡೂ ಬದಿ ನೇರವಾಗಿ ಓಡುವ ಜಾಗ ನೋಡಿ ಅಡ್ಡಕ್ಕೆ ಕತ್ತರಿಸಿ. ಎರಡನೇ ಕಿಟ್‌ನ ಅದೇ ಜಾಗದಿಂದ 15 ಮಿ.ಮೀ. ತುಂಡು ತೆಗೆದು ನಡುವೆ ಕೂರಿಸಿ. ಗರಗಸ ತೆಳ್ಳಗಿರಲಿ. ಹಾರ್ಡ್‌ವೇರ್ ಅಂಗಡಿಯ ಹ್ಯಾಕ್ಸಾ ಬ್ಲೇಡ್ ಒಂದು ಮಿ.ಮೀ. ಪ್ಲಾಸ್ಟಿಕ್ಕನ್ನೇ ತಿಂದುಹಾಕುತ್ತದೆ.

ಅದು ಪೂರ್ತಿ ಗಟ್ಟಿಯಾದ ಮೇಲೆ ಉದ್ದಕ್ಕೆ ಸೀಳಬೇಕು. ಹಿಂಭಾಗದಿಂದ ಶುರು ಮಾಡಿ, ನಡುಗೆರೆಯ ಮೇಲೇ ಬನ್ನಿ. ಮೂತಿಗೆ ಬರುವ ಮೊದಲು ನಿಲ್ಲಿಸಿ. ಮೂತಿಯನ್ನೂ ಸೀಳಿ ಅಗಲ ಮಾಡಿದರೆ ಅದು ಬಾತುಕೋಳಿಯ ಕೊಕ್ಕಿನಂತಾಗುತ್ತದೆ. ಮೂತಿ ಹಾಗೇ ಇರಲಿ, ಎರಡು ಬದಿಗಳನ್ನು ಹಿಂದಿನಿಂದ ನಿಧಾನವಾಗಿ ಅಗಲಿಸಿ. ನಡುವೆ ಪ್ಲಾಸ್ಟಿಕ್ ಪಟ್ಟಿ ಇಡಿ. ಹಡಗಿನ ನಡುವಿನಲ್ಲಿ ಅದು 5.6 ಮಿ.ಮೀ. ಇರಬೇಕು, ಮೂತಿಯ ಕಡೆ ಸವೆಯುತ್ತಾ ಹೋಗಿ ಏನೂ ಇಲ್ಲದಂತಾಗಬೇಕು. ಅಂಟಿಸುವಾಗ ಇಡೀ ಹಡಗನ್ನು ಗಾಜಿನ ಮೇಲಿಡಿ. ಮರದ ಮೇಜನ್ನು ನಂಬಬೇಡಿ, ಸ್ವಲ್ಪ ಡೊಂಕಿದ್ದರೂ ಹಡಗು ಬಾಳೆಕಾಯಿಯಾಗುತ್ತದೆ.

ಅಂಟು ಯಾವುದು? ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಸಿಮೆಂಟ್ ಮಾತ್ರ. ಫೆವಿಕ್ವಿಕ್ ಥರದ್ದು ಬೇಗ ಹಿಡಿಯುತ್ತದೆ ನಿಜ, ಆದರೆ ಇಷ್ಟುದ್ದದ ಬೆಸುಗೆ ಉಜ್ಜುವಾಗ ಸಟಕ್ಕನೆ ಬಿಟ್ಟುಕೊಳ್ಳುತ್ತದೆ. ಒಳಗಡೆ ಬಲ ಬೇಕಾದರೆ ಎಂ-ಸೀಲ್ ಮೆತ್ತಿ, ಹೊರಗೆ ಮಾತ್ರ ಪುಟ್ಟಿ. ಆಟೊಮೊಬೈಲ್ ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. ಮೊದಲು 400 ನಂಬರಿನದು, ಆಮೇಲೆ 800ರದ್ದು, ನೀರು ಹಾಕಿಕೊಂಡೇ ಉಜ್ಜಿ. ಆಮೇಲೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಒಡಲಿಗೆ ತಾಗಿಸಿದಂತೆ ಹಿಡಿದು ನೋಡಿ. ಬೆಸುಗೆ ಇನ್ನೂ ಇದ್ದರೆ ಕೂದಲೆಳೆಯಂಥ ನೆರಳು ಬೀಳುತ್ತದೆ. ಬಿದ್ದರೆ ಮತ್ತೆ ಪುಟ್ಟಿ, ಮತ್ತೆ ಉಜ್ಜು. ಬೇಸರ ಬರುತ್ತದೆ, ಬರಲಿ.

ಡೆಕ್‌ಗೆ ತೆಳು ಪ್ಲಾಸ್ಟಿಕ್ ಹಾಳೆ ಸಾಕು. ಮರದ ಡೆಕ್ ಸ್ಟಿಕ್ಕರ್‌ಗೆ ದುಡ್ಡು ಹಾಕಬೇಡಿ, ಅಯೋವಾಗೆ ಕತ್ತರಿಸಿದ್ದು ನಿಮ್ಮ ಹಡಗಿಗೆ ಕೂರುವುದಿಲ್ಲ.

ಟರೆಟ್ ಮುಂದೆ ಎರಡು, ಹಿಂದೆ ಎರಡು. ಸೇರಿಸಿದ 15 ಮಿ.ಮೀ.ನಲ್ಲಿ ನಾಲ್ಕನೆಯದು ಹಿಡಿಸುವುದಿಲ್ಲ, ಏಕೆಂದರೆ ಅದರ ಫಿರಂಗಿ ನಳಿಗೆಯೇ 29 ಮಿ.ಮೀ. ಬರುತ್ತದೆ. ಹಾಗಾಗಿ ಡೆಕ್ ನಡುವಿನ ಕಟ್ಟಡದ ಉದ್ದ ಕಡಿಮೆ ಮಾಡಿ ಜಾಗ ಬಿಡಿಸಿ. ಬದಿಯ 5 ಇಂಚಿನ ಫಿರಂಗಿಗಳನ್ನೂ ಮರೆಯಬೇಡಿ. ಮೊಂಟಾನಾದ್ದು ಹೊಸ ಬಗೆ, ನಳಿಗೆ ಇನ್ನೂ ಉದ್ದ. ಕಿಟ್‌ನಲ್ಲಿ 7 ಮಿ.ಮೀ. ಇದ್ದರೆ ಇಲ್ಲಿ 10 ಬೇಕು. ತೆಳು ಹಿತ್ತಾಳೆ ತಂತಿ ಹಾಕಿ.

ಬಣ್ಣ 1945ರ ಅಮೆರಿಕದ ಯುದ್ಧನೌಕೆಗಳಿಗೆ ತಕ್ಕಂತಿರಲಿ: ಒಡಲಿನ ಕೆಳಭಾಗಕ್ಕೆ ಕಡುನೀಲಿ, ಮೇಲೆ ತಿಳಿಬೂದು, ಡೆಕ್‌ಗೆ ನೀಲಿ. ನಡುವಿನ ಗೆರೆ ನೀರಿನ ಮಟ್ಟಕ್ಕೆ ಸಮನಾಗಿ ಓಡಬೇಕು, ಮೂತಿಯ ಜೊತೆ ಮೇಲೇರಬಾರದು. ಮಳೆಗಾಲದಲ್ಲಿ ಸ್ಪ್ರೇ ಬೇಡ, ತೇವಕ್ಕೆ ಬಿಳಿ ಮಂಕು ಕೂರುತ್ತದೆ.

ಹೆಸರನ್ನು ಕೊನೆಗೆ ಇಡಿ. ಅದಕ್ಕೆ ಒಡಲಿನ ಮೇಲೆ ಅಂಟಿಸುವ ನಂಬರ್ ನೋಡಿ. ಮೊಂಟಾನಾ ವರ್ಗದ ಐದು ಹಡಗುಗಳ ನಂಬರ್ 67ರಿಂದ 71. ಅಯೋವಾ ಕಿಟ್‌ಗಳಲ್ಲಿ ಬರುವುದು 61ರಿಂದ 64. ಅಂದರೆ 7 ಇಲ್ಲ, 8 ಇಲ್ಲ. ಆದರೆ ಎರಡು ಕಿಟ್‌ನಿಂದ, ಹಡಗಿನ ಎರಡು ಬದಿಗೆ ಬರುವಂತೆ ನಾಲ್ಕು 6 ಸಿಗುತ್ತವೆ. ಎರಡನ್ನು ತಲೆಕೆಳಗೆ ಅಂಟಿಸಿದರೆ 69. ಅದು ಮೇನ್ ಎಂಬ ಹಡಗು, ಐದರಲ್ಲಿ ಮೂರನೆಯದು.