ಸಹಕಾರಿ ಉಪಗ್ರಹ ಜಾಲವನ್ನು ಸಿಮ್ಯುಲೇಶನ್‌ನಲ್ಲಿ ಕಟ್ಟಿ ನೋಡುವ ಬಗೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ರಸ್ತೆಯ ಜೊತೆಗೆ ಕರೆಂಟು, ಮೊಬೈಲ್ ಸಂಪರ್ಕಗಳೂ ಕಡಿದುಹೋದದ್ದು ಕೊಡಗಿನವರಿಗೆಲ್ಲ ನೆನಪಿದೆ. ಮಾಹಿತಿ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಅದು ಸಾಗುವ ದಾರಿ ಮುಚ್ಚಿಹೋಗುತ್ತದೆ. ಹಲವು ಒಡೆಯರ ಪುಟ್ಟ ಉಪಗ್ರಹಗಳು ಒಂದಕ್ಕೊಂದು ನೆರವಾಗಿ ಇಂಥ ಇಳಿಜಾರುಗಳ ಮಳೆಮಾಪಕದ ಅಂಕಿಗಳನ್ನು ಹೊತ್ತು ತರಬಲ್ಲವೇ ಎಂಬುದನ್ನು ಉಡಾವಣೆಗೆ ಬಹಳ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದು.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ಟವರ್ ಕೆಟ್ಟಿರುವಾಗ ಭಾಗಮಂಡಲದ ಮೇಲಿನ ಇಳಿಜಾರಿನಿಂದ ಹೊರಟ ಅಂಕಿಯು ಮಡಿಕೇರಿಗೆ ತಲುಪಲು ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ? ಇಲ್ಲಿ ‘ಹೆಚ್ಚೆಂದರೆ’ ಎಂಬ ಮಾತೇ ಮುಖ್ಯ. ಸರಾಸರಿ ಕಾಯುವಿಕೆ ಅರ್ಧ ಗಂಟೆಯಿದ್ದು ಒಂದು ರಾತ್ರಿ ಮಾತ್ರ ಒಂಬತ್ತು ಗಂಟೆಯಾದರೆ, ಗುಡ್ಡ ಕುಸಿಯುವುದು ಆ ಒಂದು ರಾತ್ರಿಯೇ ಆಗಿರಬಹುದು.

ಹೊಸಬರು ಸಾಮಾನ್ಯವಾಗಿ ಕಕ್ಷೆಯಿಂದ ಕೆಲಸ ಆರಂಭಿಸುತ್ತಾರೆ. ನೆಲದಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಉಪಕರಣ ಇಡುವ ಜಾಗದಲ್ಲಿ ನಿಂತು, ದಿಕ್ಸೂಚಿ ಮತ್ತು ಕೋನಮಾಪಕ ಇರುವ ಫೋನಿನಿಂದ ಪ್ರತಿ 10 ಡಿಗ್ರಿಗೊಮ್ಮೆ ಬೆಟ್ಟದ ಅಂಚಿನ ಎತ್ತರವನ್ನು ಅಳೆದು ಮೂವತ್ತಾರು ಅಂಕಿಗಳನ್ನು ಬರೆದುಕೊಳ್ಳಿ. ನಮ್ಮ ತೋಟದ ಕಾಫಿ ಕಣದಲ್ಲಿ ನಾನು ಹೀಗೆ ಅಳೆದಾಗ ಪಶ್ಚಿಮದ ಅಂಚು 25 ಡಿಗ್ರಿಗೆ ಸಿಕ್ಕಿತು. ಸುತ್ತಲೂ ಅಷ್ಟೇ ಮರೆಯಿದೆಯೆಂದು ಭಾವಿಸಿ ಲೆಕ್ಕ ಹಾಕಿದರೆ ಪರಿಣಾಮ ಸ್ಪಷ್ಟವಾಗುತ್ತದೆ. 550 ಕಿ.ಮೀ. ಎತ್ತರದ ಉಪಗ್ರಹವು ಸುಮಾರು 96 ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ. ಬಯಲಿನಲ್ಲಿ ಅದು ನೆತ್ತಿಯ ಮೇಲೆ ಹಾದುಹೋದರೆ 12 ನಿಮಿಷ ಕಾಣಿಸಿಕೊಳ್ಳುತ್ತದೆ, ಕಣಿವೆಯಲ್ಲಿ ನಾಲ್ಕೂವರೆ ನಿಮಿಷ ಮಾತ್ರ. ಧ್ರುವ ಕಕ್ಷೆಯದಾದರೆ ಬಯಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಬಾರಿ ಸಿಗುವುದು ಕಣಿವೆಯಲ್ಲಿ ಒಂದೆರಡು ಬಾರಿ ಸಿಗುತ್ತದೆ. ದಿಗಂತವನ್ನು ಎಲ್ಲ ಕಡೆಯೂ 5 ಅಥವಾ 10 ಡಿಗ್ರಿಯೆಂದು ಊಹಿಸಿಕೊಂಡ ಸಿಮ್ಯುಲೇಶನ್ ಕೊಡಗಿಗೆ ಹೊಂದುವುದಿಲ್ಲ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳನ್ನೂ ಅಂಚಿನ ಲೆಕ್ಕಕ್ಕೆ ಸೇರಿಸಿ, ಏಕೆಂದರೆ ಒದ್ದೆ ಎಲೆಗಳು ಸಂಕೇತವನ್ನು ಹೀರುತ್ತವೆ.

ಕಕ್ಷೆಯ ಲೆಕ್ಕಕ್ಕೆ ಉಚಿತ ಸಾಧನಗಳಿವೆ. ಈಗಾಗಲೇ ಹಾರುತ್ತಿರುವ ಉಪಗ್ರಹಗಳಿಗೆ ಪೈಥಾನ್‌ನ ಸ್ಕೈಫೀಲ್ಡ್ ಸಾಕಾಗುತ್ತದೆ, ಹೊಸ ಕಕ್ಷೆಗಳಿಗೆ ಒರೆಕಿಟ್ ಅಥವಾ ನಾಸಾದ ಜಿಮ್ಯಾಟ್ ಬಳಸಬಹುದು. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಆಗಿರುವುದರಿಂದ ಕಡಿಮೆ ಬಾಗಿನ, ಅಂದರೆ ಭೂಮಧ್ಯರೇಖೆಗೆ ಹತ್ತಿರವಾಗಿ ಸುತ್ತುವ ಕಕ್ಷೆಗಳನ್ನೂ ಪರೀಕ್ಷಿಸಬೇಕು. ಉಷ್ಣವಲಯದ ಮಳೆಯ ಅಧ್ಯಯನಕ್ಕಾಗಿ ಇಸ್ರೋ ಮತ್ತು ಫ್ರಾನ್ಸ್ ಜೊತೆಯಾಗಿ 2011ರಲ್ಲಿ ಹಾರಿಸಿದ ಮೇಘಾ ಟ್ರಾಪಿಕ್ಸ್ 20 ಡಿಗ್ರಿ ಬಾಗಿನ ಕಕ್ಷೆಯಲ್ಲಿದ್ದುದಕ್ಕೆ ಇದೇ ಕಾರಣ: ಅಂಥ ಉಪಗ್ರಹವು ನಮ್ಮ ಮೇಲೆ ಸತತವಾಗಿ ಹಲವು ಸುತ್ತು ಹಾಯುತ್ತದೆ. ಆದರೆ ಆಮೇಲೆ ಕೆಲವು ಗಂಟೆ ಕಾಣಿಸುವುದೇ ಇಲ್ಲ. ಕಾಲದ ಹೆಜ್ಜೆ, ಅಂದರೆ ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಅಂತರ, 10 ಸೆಕೆಂಡು ಮೀರದಿರಲಿ. ನಾಲ್ಕೂವರೆ ನಿಮಿಷದ ಭೇಟಿಯನ್ನು ಒಂದೊಂದು ನಿಮಿಷದ ಹೆಜ್ಜೆಯಲ್ಲಿ ಅಳೆಯಲಾಗದು.

ಸಹಕಾರದ ಭಾಗಕ್ಕೆ ಹೆಚ್ಚಿನ ಗಮನ ಬೇಕು. ಇರಿಡಿಯಂ ಜಾಲದ 66 ಉಪಗ್ರಹಗಳು ಆರು ಕಕ್ಷಾತಲಗಳಲ್ಲಿ ಒಬ್ಬನೇ ಒಡೆಯನ ಯೋಜನೆಯಂತೆ ಸಾಲಾಗಿ ನಿಂತಿವೆ. ಬೇರೆ ಬೇರೆ ಒಡೆಯರ ಉಪಗ್ರಹಗಳಿಗೆ ಅಂಥ ಸಾಲಿಲ್ಲ, ಅವುಗಳ ನಡುವಿನ ಅಂತರ ಆಕಸ್ಮಿಕವಾದದ್ದು. ಆದ್ದರಿಂದ ಕಕ್ಷೆಯಲ್ಲಿನ ಆರಂಭದ ಸ್ಥಾನಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತಾ ಸಿಮ್ಯುಲೇಶನ್ ಅನ್ನು ನೂರಾರು ಬಾರಿ ಓಡಿಸಿ, ಬಂದ ಫಲಿತಾಂಶಗಳ ಹರವನ್ನು ನೋಡಿ. ಒಂದೇ ಓಟದ ಸುಂದರ ನಕ್ಷೆಯನ್ನು ನಂಬಬೇಡಿ.

ಗದ್ದೆ ನಾಟಿಯ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇನ್ನುಳಿದದ್ದನ್ನು ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯವರು ನಮ್ಮ ಗದ್ದೆಗೆ ಬಂದ ದಿನ ಅವರ ಕೆಲಸ ನಿಂತಿರುತ್ತದೆ, ಅವರದೇ ನಾಟಿಯ ದಿನ ಅವರು ಬರಲಾರರು. ಉಪಗ್ರಹವೂ ಹಾಗೆಯೇ. ಇನ್ನೊಂದರ ಪ್ಯಾಕೆಟ್ಟನ್ನು (ಸಂದೇಶದ ಕಟ್ಟನ್ನು) ಹೊರುವಾಗ ಅದರ ಬ್ಯಾಟರಿ ಖರ್ಚಾಗುತ್ತದೆ, ಮೆಮೊರಿ ತುಂಬುತ್ತದೆ, ಸಂದೇಶ ಇಳಿಸಿಕೊಳ್ಳುವ ತನ್ನ ನೆಲದ ಕೇಂದ್ರದ ಮೇಲಿನ ಸಮಯ ಕಳೆಯುತ್ತದೆ. ಪ್ರತಿ ಸುತ್ತಿನಲ್ಲೂ ಸುಮಾರು ಮೂರನೇ ಒಂದು ಭಾಗ ಭೂಮಿಯ ನೆರಳಿನಲ್ಲಿದ್ದು ಸೌರಶಕ್ತಿ ಸಿಗದೆ ಇರುವುದೂ ಉಂಟು. ಈ ಖರ್ಚನ್ನು ಮಾದರಿಯಲ್ಲಿ ಬರೆಯದಿದ್ದರೆ ಸಹಕಾರವೇ ಲಾಭವೆಂಬ ಉತ್ತರ ಯಾವಾಗಲೂ ಬರುತ್ತದೆ, ಆ ಉತ್ತರಕ್ಕೆ ಬೆಲೆಯಿಲ್ಲ. ಬ್ಯಾಟರಿ ಇಂತಿಷ್ಟು ಪಾಲಿಗಿಂತ ಕೆಳಗಿಳಿದರೆ ಪರರ ಪ್ಯಾಕೆಟ್ ಸ್ವೀಕರಿಸಬಾರದು ಎಂಬ ನಿಯಮವನ್ನು ಪ್ರತಿ ಉಪಗ್ರಹಕ್ಕೂ ಕೊಡಿ, ಆ ಮಿತಿಯನ್ನು ಬದಲಿಸಿ ನೋಡಿ. ಪ್ರತಿ ಓಟವನ್ನೂ ಎರಡು ಬಾರಿ ನಡೆಸಬೇಕು: ಒಮ್ಮೆ ಯಾರೂ ಯಾರಿಗೂ ನೆರವಾಗದಂತೆ, ಇನ್ನೊಮ್ಮೆ ನೆರವಾಗುವಂತೆ. ಪ್ರತಿಯೊಬ್ಬ ಒಡೆಯನಿಗೂ ಬಂದ ಲಾಭನಷ್ಟವನ್ನು ಬೇರೆ ಬೇರೆಯಾಗಿ ಬರೆದಿಡಿ. ಒಬ್ಬನಿಗೆ ಬರೀ ನಷ್ಟವೇ ಕಂಡರೆ ಅವನು ಜಾಲದಲ್ಲಿ ಉಳಿಯಲಾರ. ಅವನನ್ನು ತೆಗೆದುಹಾಕಿ ಮತ್ತೆ ಓಡಿಸಿ.

ಮಳೆಯ ಲೆಕ್ಕದಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ತೋಟದ ಮನೆಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಇಂಚಿನ ಲೆಕ್ಕದ ಪುಸ್ತಕಗಳಿವೆ, ಅವು ಅಮೂಲ್ಯ. ಆದರೆ ಅವು ದಿನದ ಮೊತ್ತ ಹೇಳುತ್ತವೆ, ರೇಡಿಯೋ ಸಂಕೇತಕ್ಕೆ ಬೇಕಾದದ್ದು ಗಂಟೆಗೆ ಎಷ್ಟು ಮಿ.ಮೀ. ಎಂಬ ಬಿರುಸು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಜಡಿಮಳೆ ದಿನವಿಡೀ ಸುರಿದು ಐದಿಂಚು ಆಗುವುದಕ್ಕೂ ಏಪ್ರಿಲ್‌ನ ಗುಡುಗುಮಳೆ ಒಂದೇ ಗಂಟೆಯಲ್ಲಿ ಎರಡಿಂಚು ಬೀಳುವುದಕ್ಕೂ ಪರಿಣಾಮ ಬೇರೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸಂಸ್ಥೆಯ ಮಳೆ ಮಾದರಿಯು ವರ್ಷದ 0.01 ಶೇಕಡಾ, ಅಂದರೆ ಸುಮಾರು 53 ನಿಮಿಷ ಮಾತ್ರ ಮೀರುವ ಬಿರುಸನ್ನು ಕೇಳುತ್ತದೆ. ಡಿಶ್ ಟಿವಿ ಬಳಸುವ ಕೆಯು ಬ್ಯಾಂಡ್ ಮತ್ತು ಅದರ ಮೇಲಿನ ಆವರ್ತನಗಳಿಗೆ ಇದು ಅನಿವಾರ್ಯ. ಅದಕ್ಕಿಂತ ಬಹಳ ಕೆಳಗಿನ ಯುಎಚ್‌ಎಫ್ ಅಥವಾ ಎಲ್ ಬ್ಯಾಂಡ್ ಬಳಸಿದರೆ ಮಳೆಯ ಅಡ್ಡಿ ನಗಣ್ಯ. ಮಳೆಮಾಪಕದಂಥ ಕಿರು ಸಂದೇಶಗಳಿಗೆ ನಾನು ಆರಿಸುವುದು ಈ ಕೆಳ ಆವರ್ತನಗಳನ್ನೇ.

ಕೊನೆಗೆ ಮಾದರಿಯನ್ನು ನಿಜವಾದ ಆಕಾಶಕ್ಕೆ ಹೋಲಿಸಬೇಕು. ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿನ ದಿನಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಮುಸ್ಸಂಜೆಯಲ್ಲಿ ಹಾಯುವ ದಿನ ಅದೇ ಕಣದಲ್ಲಿ ನಿಂತು, ಬೆಟ್ಟದ ಅಂಚಿನಿಂದ ಅದು ಮೇಲೆದ್ದ ಕ್ಷಣವನ್ನು ಗಡಿಯಾರದಲ್ಲಿ ಗುರುತಿಸಿ, ನಿಮ್ಮ ಪ್ರೋಗ್ರಾಂ ಹೇಳಿದ ಸಮಯದ ಪಕ್ಕದಲ್ಲಿ ಬರೆಯಿರಿ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬಂದರೆ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಮತ್ತು ಭಾರತೀಯ ಸಮಯ ಅದಲುಬದಲಾಗಿವೆ. ಅರ್ಧ ನಿಮಿಷದ ವ್ಯತ್ಯಾಸಕ್ಕೆ ಹಳೆಯ ಕಕ್ಷಾ ದತ್ತಾಂಶ ಕಾರಣವಿರಬಹುದು, ಅಂದಿನ ದತ್ತಾಂಶವನ್ನೇ ಇಳಿಸಿಕೊಂಡು ಮತ್ತೆ ನೋಡಿ. ಆಗಲೂ ಹೊಂದದಿದ್ದರೆ ಮೂವತ್ತಾರು ಅಂಕಿಗಳಲ್ಲಿ ಆ ದಿಕ್ಕಿನದನ್ನು ಮತ್ತೊಮ್ಮೆ ಅಳೆಯಿರಿ.